ಮಿಸಿಸಿಪ್ಪಿ ದಡದಲ್ಲಿ ಅಕ್ಕನ ಅನುಮಾನ

ಅಕ್ಕನ ಪ್ರಕಾರ ಅವು ಕೊಲೆಗಳು. ಭಾವನ ಪ್ರಕಾರ ಅಪಘಾತಗಳು. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಾನು ಎರಡೂ ಕಡೆಗೆ ತಲೆಯಾಡಿಸುತ್ತಿದ್ದೆ.

2022ರ ಅಕ್ಟೋಬರ್. ಮಿನ್ನೆಸೋಟದ ರೋಚೆಸ್ಟರ್‌ನಿಂದ ವಿಸ್ಕಾನ್ಸಿನ್‌ನ ಲಾ ಕ್ರಾಸ್‌ಗೆ ಹೊರಟಿದ್ದೆವು. ಒಂದು ಗಂಟೆಯ ಮೇಲೆ ಸ್ವಲ್ಪ ದಾರಿ. ಅಕ್ಕನ ಮಗ ಅಲ್ಲಿ ಕಾಲೇಜು ಓದುತ್ತಿದ್ದಾನೆ. ಎಲೆ ಬಣ್ಣ ತಿರುಗಿದ್ದನ್ನು ನೋಡೋಕೆ ಅಂತ ಹೆಸರು, ಅಸಲಿಗೆ ಅಕ್ಕನಿಗೆ ಮಗನನ್ನು ಆ ಊರಿಂದ ಬಿಡಿಸಿಕೊಂಡು ಬರಬೇಕಿತ್ತು. ಯಾವುದೋ ಕ್ರೈಂ ಕಾರ್ಯಕ್ರಮ ನೋಡಿದ್ದಳು. ಅಂದಿನಿಂದ ನಿದ್ದೆ ಇಲ್ಲ.

ವಿಷಯ ಇಷ್ಟು. 1990ರ ದಶಕದ ಕೊನೆಯಿಂದ ಅಮೆರಿಕದ ಉತ್ತರ ಭಾಗದ ಕಾಲೇಜು ಊರುಗಳಲ್ಲಿ ಹುಡುಗರು ರಾತ್ರಿ ಬಾರ್‌ನಿಂದ ಹೊರಬಿದ್ದವರು ಮನೆ ಸೇರುತ್ತಿರಲಿಲ್ಲ. ಆಮೇಲೆ ನದಿಯಲ್ಲೋ ಕೆರೆಯಲ್ಲೋ ಹೆಣ ಸಿಗುತ್ತಿತ್ತು. ಪೊಲೀಸರು ಕುಡಿದು ಬಿದ್ದ ಎಂದು ಫೈಲ್ ಮುಚ್ಚುತ್ತಿದ್ದರು. ನ್ಯೂಯಾರ್ಕ್ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿದ್ದ ಕೆವಿನ್ ಗ್ಯಾನನ್ ಮತ್ತು ಆಂಥನಿ ಡುವಾರ್ಟೆ ಎಂಬ ಇಬ್ಬರು ಪತ್ತೇದಾರರು ಇದನ್ನು ಒಪ್ಪಲಿಲ್ಲ. 11 ರಾಜ್ಯಗಳಲ್ಲಿ ಕನಿಷ್ಠ 40 ಹುಡುಗರನ್ನು ಯಾರೋ ಗುಂಪು ಕಟ್ಟಿಕೊಂಡು ಕೊಂದಿದ್ದಾರೆ ಎಂದು 2008ರಲ್ಲಿ ಹೇಳಿದರು. ಹುಡುಗರು ನೀರಿಗೆ ಬಿದ್ದಿರಬಹುದಾದ ಹಲವು ಜಾಗಗಳ ಹತ್ತಿರ ಗೋಡೆಯ ಮೇಲೆ ನಗುಮುಖದ ಚಿತ್ರ ಕಂಡಿತ್ತಂತೆ. ಹಾಗಾಗಿ ಇವಕ್ಕೆ 'ಸ್ಮೈಲಿ ಫೇಸ್ ಕೊಲೆಗಳು' ಎಂದೇ ಹೆಸರು ಬಿತ್ತು. ಆ ಪಟ್ಟಿಯಲ್ಲಿ ಲಾ ಕ್ರಾಸ್ ಮೇಲ್ಗಡೆಯೇ ಇದೆ.

ಗ್ಯಾನನ್ ಬಗ್ಗೆ ಒಂದು ಮಾತು. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಬಾರ್‌ನಿಂದ ಹೊರಟು ಕಾಣೆಯಾದ ಒಬ್ಬ ವಿದ್ಯಾರ್ಥಿಯ ಕೇಸಿನಲ್ಲಿ ಆತ ಕೆಲಸ ಮಾಡಿದ್ದರು. ಕೈ ಬಿಡಲ್ಲ ಎಂದು ಅವನ ಹೆತ್ತವರಿಗೆ ಮಾತು ಕೊಟ್ಟಿದ್ದರು. ಟಿವಿಯಲ್ಲಿ ಕಾಣಿಸಿಕೊಳ್ಳುವ ಆಸೆಗೆ ಹುಟ್ಟಿದ ಕಥೆ ಅಂತ ಭಾವ ನಗಾಡುತ್ತಾರೆ. ನನಗೆ ಹಾಗನ್ನಿಸಲ್ಲ. ಮಾತು ಕೊಟ್ಟ ಮನುಷ್ಯನಿಗೆ ಖಾಲಿ ಕೈಯಲ್ಲಿ ವಾಪಸ್ ಹೋಗೋದು ಕಷ್ಟ.

"ರೀ, ಮೂರು ದಿನಕ್ಕೆ ತೇಲಬೇಕಾದ ಹೆಣ ಮೂರು ತಿಂಗಳು ಎಲ್ಲಿತ್ತು ಹೇಳಿ ನೋಡೋಣ," ಎಂದಳು ಅಕ್ಕ.

ಈ ಲೆಕ್ಕ ನಮ್ಮೂರಿನದು. ನಾವು ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಬಲಮುರಿಯಲ್ಲೋ ಮುತ್ತತ್ತಿಯಲ್ಲೋ ಕಾಲೇಜು ಹುಡುಗರು ಮುಳುಗಿದ ಸುದ್ದಿ ಬಂದರೆ ದೊಡ್ಡವರು ಮೊದಲು ಹೇಳುತ್ತಿದ್ದದ್ದೇ ಅದು: ಮೂರನೇ ದಿನ ತಾನಾಗೇ ಮೇಲೆ ಬರುತ್ತೆ. ಆಮೇಲೆ, ಹೊಳೆ ವರ್ಷಕ್ಕೊಂದು ಬಲಿ ಕೇಳುತ್ತೆ ಎನ್ನುತ್ತಿದ್ದರು. ಕೊಲೆ ಅಂತ ಯಾರೂ ಅನ್ನುತ್ತಿರಲಿಲ್ಲ. ಅಲ್ಲಿ ಮುಳುಗುತ್ತಿದ್ದದ್ದು ಹಗಲು ಹೊತ್ತಿನಲ್ಲಿ, ಹತ್ತು ಜನ ಸ್ನೇಹಿತರು ದಡದಲ್ಲಿ ಕಿರುಚುತ್ತಿರುವಾಗ. ನೋಡಿದವರಿದ್ದರು. ಇಲ್ಲಿ ನೋಡಿದವರೇ ಇಲ್ಲ. ಅನುಮಾನಕ್ಕೆ ಅಷ್ಟು ಜಾಗ ಸಾಕು.

ಭಾವ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿದ್ದಾರೆ. ವಿವರಿಸೋದು ಅಂದ್ರೆ ಅವರಿಗೆ ಖುಷಿ. ಹೆಣ ತೇಲುವುದು ಒಳಗೆ ಗ್ಯಾಸ್ ತುಂಬಿದಾಗ. ಗ್ಯಾಸ್ ಆಗಬೇಕಾದರೆ ಕೊಳೆಯಬೇಕು, ಕೊಳೆಯೋಕೆ ಶಾಖ ಬೇಕು. ಕಾವೇರಿ ಬೆಚ್ಚಗಿನ ನದಿ. ಮಿಸಿಸಿಪ್ಪಿ ಇಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ನವೆಂಬರ್‌ನಲ್ಲಿ ಬಿದ್ದವನು ಏಪ್ರಿಲ್‌ನಲ್ಲಿ ಮೇಲೆ ಬರಬಹುದು. ಅಷ್ಟು ಹೊತ್ತಿಗೆ ಏಟು ಬಿದ್ದಿತ್ತೋ ಇಲ್ಲವೋ ಹೇಳುವುದು ಕಷ್ಟ. ಮುಳುಗಿ ಸತ್ತ ಎನ್ನುವುದಕ್ಕೂ ಪೋಸ್ಟ್‌ಮಾರ್ಟಂನಲ್ಲಿ ಇದೇ ಗುರುತು ಎಂಬುದಿಲ್ಲ, ಬೇರೆ ಕಾರಣಗಳನ್ನೆಲ್ಲ ತೆಗೆದುಹಾಕಿ ಕೊನೆಗೆ ಅದನ್ನು ಬರೆಯುತ್ತಾರೆ.

"ಅವರ ಮೈಯಲ್ಲಿ ಮತ್ತು ಬರಿಸೋ ಔಷಧಿ ಸಿಕ್ಕಿತ್ತಂತಲ್ಲ?"

"ಜಿಎಚ್‌ಬಿ ತಾನೇ? ಅದು ನನ್ನ ಮೈಯಲ್ಲೂ ಇದೆ, ನಿನ್ನ ಮೈಯಲ್ಲೂ ಇದೆ. ಸತ್ತ ಮೇಲೆ ಇನ್ನೂ ಜಾಸ್ತಿಯಾಗುತ್ತೆ. ಹಳೇ ಹೆಣದಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಯಾರೋ ಕುಡಿಸಿದರು ಅನ್ನೋಕಾಗಲ್ಲ."

ಅಕ್ಕ ಸೋಲುವವಳಲ್ಲ. ಮಿನ್ನಿಯಾಪೊಲಿಸ್ ಕೇಸ್ ತೆಗೆದಳು. 2002ರ ಹ್ಯಾಲೋವೀನ್ ರಾತ್ರಿ ಅಲ್ಲಿನ ವಿಶ್ವವಿದ್ಯಾಲಯದ ಹುಡುಗನೊಬ್ಬ ಬಾರ್‌ನಿಂದ ಹೊರಬಿದ್ದು ಕಾಣೆಯಾದ. 2003ರ ಫೆಬ್ರವರಿಯಲ್ಲಿ ಮಿಸಿಸಿಪ್ಪಿಯಲ್ಲಿ ಸಿಕ್ಕ. ಕುಡಿದು ಬಿದ್ದಿರಬೇಕು, ಇಲ್ಲ ತಾನೇ ಹಾರಿರಬೇಕು ಎಂಬ ಮಾತೇ ವರ್ಷಗಟ್ಟಲೆ ನಡೆಯಿತು. ಅಪ್ಪ ಅಮ್ಮ ಬಿಡಲಿಲ್ಲ. 2006ರಲ್ಲಿ ಪೊಲೀಸರೇ ಅದನ್ನು ಕೊಲೆ ಎಂದು ಬದಲಿಸಿದರು, ಮನೆಯವರ ಕ್ಷಮೆಯನ್ನೂ ಕೇಳಿದರು.

ಭಾವ ಇದಕ್ಕೆ ಉತ್ತರ ಕೊಡದೆ ಲೇನ್ ಬದಲಿಸಿದರು. ಇದೊಂದು ಕೇಸ್ ಇಲ್ಲದಿದ್ದರೆ ಉಳಿದ ವಾದಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಒಂದು ಸಲ ಪೊಲೀಸರು ಎಡವಿದ್ದನ್ನು ನೋಡಿದ ತಾಯಿ ಉಳಿದ ಮೂವತ್ತೊಂಬತ್ತನ್ನು ಯಾಕೆ ನಂಬಬೇಕು? 2008ರಲ್ಲೇ ಎಫ್‌ಬಿಐ ಈ ಸಾವುಗಳಿಗೆ ಒಂದಕ್ಕೊಂದು ನಂಟಿರುವುದಕ್ಕೆ ಪುರಾವೆ ಸಿಕ್ಕಿಲ್ಲ, ಬಹುತೇಕ ಕುಡಿತದಿಂದ ಆದ ಮುಳುಗಡೆಗಳೇ ಎಂದು ಹೇಳಿತು. 2010ರಲ್ಲಿ ಮಿನ್ನಿಯಾಪೊಲಿಸ್‌ನ ಸೆಂಟರ್ ಫಾರ್ ಹೋಮಿಸೈಡ್ ರಿಸರ್ಚ್ ಎಂಬ ಸಂಶೋಧನಾ ಸಂಸ್ಥೆ ಈ ಕೊಲೆ ವಾದದ ವಿರುದ್ಧ 18 ಕಾರಣ ಕೊಟ್ಟಿತು. ಅದ್ಯಾವುದೂ ಅಕ್ಕನ ಕಿವಿಗೆ ಹೋಗಿಲ್ಲ.

ಲಾ ಕ್ರಾಸ್ ಊರು ನೋಡೋಕೆ ಚಂದ. ಪೂರ್ವಕ್ಕೆ ಎತ್ತರದ ಗುಡ್ಡ, ಪಶ್ಚಿಮಕ್ಕೆ ಮಿಸಿಸಿಪ್ಪಿ, ನಡುವೆ ಸುಮಾರು 50 ಸಾವಿರ ಜನ. ಬ್ಲ್ಯಾಕ್ ಮತ್ತು ಲಾ ಕ್ರಾಸ್ ಎಂಬ ಇನ್ನೆರಡು ನದಿಗಳೂ ಇಲ್ಲೇ ಬಂದು ಸೇರುತ್ತವೆ. ಹಳೆಯ ಬಿಯರ್ ಫ್ಯಾಕ್ಟರಿಯ ಆರು ದೊಡ್ಡ ಟ್ಯಾಂಕುಗಳಿಗೆ ಬಿಯರ್ ಕ್ಯಾನಿನ ವೇಷ ಹಾಕಿ ಜಗತ್ತಿನ ಅತಿ ದೊಡ್ಡ ಸಿಕ್ಸ್ ಪ್ಯಾಕ್ ಎಂದು ನಿಲ್ಲಿಸಿದ್ದಾರೆ. ಅಕ್ಕ ಅದನ್ನು ಕೆಕ್ಕರಿಸಿ ನೋಡಿದಳು. ದೇಶದಲ್ಲಿ ಕುಡಿಯುವ ವಯಸ್ಸು 21 ಆದರೂ, ವಿಸ್ಕಾನ್ಸಿನ್‌ನಲ್ಲಿ ಅಪ್ಪ ಅಮ್ಮ ಜೊತೆಗಿದ್ದರೆ ಅದಕ್ಕಿಂತ ಚಿಕ್ಕವರಿಗೂ ಬಾರ್‌ನಲ್ಲಿ ಕೊಡಬಹುದು ಎಂದು ನಾನು ಹೇಳಬಾರದಿತ್ತೇನೋ.

ಹುಡುಗ ಥರ್ಡ್ ಸ್ಟ್ರೀಟ್‌ನಲ್ಲಿ ಕಾಯುತ್ತಿದ್ದ. ಸಾಲಾಗಿ ಬಾರ್‌ಗಳಿರುವ ರಸ್ತೆ. ಎರಡು ಮೂರು ಬ್ಲಾಕ್ ಪಶ್ಚಿಮಕ್ಕೆ ನಡೆದರೆ ರಿವರ್‌ಸೈಡ್ ಪಾರ್ಕ್, ಅದರಾಚೆ ನದಿ. 1997ರಿಂದ 2010ರ ನಡುವೆ ಎಂಟೊಂಬತ್ತು ಹುಡುಗರು ಈ ಊರಿನ ನೀರಿನಲ್ಲಿ ಸತ್ತರು.

"ನಿನ್ನ ಹಾಸ್ಟೆಲ್ ಯಾವ ಕಡೆ?" ಅಕ್ಕ ಕೇಳಿದಳು.

ಅವನು ಗುಡ್ಡದ ಕಡೆ ಕೈ ತೋರಿಸಿದ.

"ನದಿ?"

ಉಲ್ಟಾ ದಿಕ್ಕಿಗೆ ತೋರಿಸಿದ.

"ನೋಡಿದ್ರಾ? ಮನೆಗೆ ಹೋಗೋನು ಆ ಕಡೆ ಯಾಕೆ ಹೋಗ್ತಾನೆ? ಯಾರೋ ಕರ್ಕೊಂಡು ಹೋಗಿರಬೇಕು."

ಈ ಊರಿನ ಜನ ವರ್ಷಗಟ್ಟಲೆ ಜಗಳವಾಡಿದ್ದೂ ಇದೇ ಪ್ರಶ್ನೆಗೆ. ಉತ್ತರ ನನಗೆ ಸಂಜೆ ಸಿಕ್ಕಿತು. ಊಟ ಮುಗಿಸಿ ಒಂದು ಅಂಗಡಿಯ ಹಿಂಬಾಗಿಲಿನಿಂದ ಓಣಿಗೆ ಬಂದೆವು. ಹೊತ್ತು ಮುಳುಗಿತ್ತು. ಹಗಲಿಡೀ ಎಲ್ಲಿ ನಿಂತರೂ ಕಾಣುತ್ತಿದ್ದ ಗುಡ್ಡ ಮಾಯ. ಎರಡೂ ಕಡೆ ಒಂದೇ ಥರ ಇಟ್ಟಿಗೆ ಗೋಡೆ, ಕಸದ ಡಬ್ಬ, ಹಳದಿ ದೀಪ. ಒಂದು ಗುಟುಕೂ ಕುಡಿಯದ ನಾನು ಎಡಕ್ಕೋ ಬಲಕ್ಕೋ ಎಂದು ನಿಂತೆ. ರಾತ್ರಿ ಎರಡೂವರೆಗೆ ಬಾರ್ ಬಾಗಿಲು ಹಾಕಿದಾಗ ಹೊರಬಿದ್ದವನ ಗತಿ ಏನು? ಓಣಿಯ ಗೋಡೆಯಲ್ಲಿ ಮಾರ್ಕರ್‌ನಿಂದ ಬರೆದ ನಗುಮುಖವೂ ಇತ್ತು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ಅಮ್ಮಾ, ಇದು ನಮ್ಮ ಹಾಸ್ಟೆಲ್ ಬಾತ್‌ರೂಮಲ್ಲೂ ಇದೆ, ಲೈಬ್ರರಿ ಡೆಸ್ಕ್ ಮೇಲೂ ಇದೆ," ಎಂದ ಹುಡುಗ. "ಹುಡುಕಿದರೆ ನಿಮ್ಮ ರೋಚೆಸ್ಟರಲ್ಲೂ ಸಿಗತ್ತೆ."

ಪಾರ್ಕಿಗೆ ಹೋದೆವು. ದಡದ ಕಾಂಕ್ರೀಟ್ ಕಟ್ಟೆಯ ಮೇಲೆ ಮಂಜಿನ ಪಸೆ. ನದಿ ಸುಮ್ನೆ ಹರಿಯುವ ಹಾಗೆ ಕಾಣುತ್ತದೆ, ಒಂದು ರೆಂಬೆ ತೇಲಿ ಹೋದದ್ದನ್ನು ನೋಡಿದಾಗ ವೇಗ ಗೊತ್ತಾಯಿತು. ನಾನು ಬಗ್ಗಿ ನೀರಿಗೆ ಕೈ ಇಟ್ಟೆ. ಸ್ವಲ್ಪ ಹೊತ್ತಿಗೆ ಬೆರಳು ಜುಮ್ಮೆಂದು ನೋಯತೊಡಗಿತು. ಭಾವ ಶುರು ಮಾಡಿದರು: ತಣ್ಣೀರಿಗೆ ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗಲ್ಲ, ಬಾಯಿ ತಾನಾಗೇ ತೆರೆಯುತ್ತೆ. ಅದನ್ನು ದಾಟಿದರೆ ಕೈಕಾಲು ಆಡೋದು ಹತ್ತು ನಿಮಿಷ. ಪ್ರಜ್ಞೆ ತಪ್ಪೋಕೆ ಒಂದು ಗಂಟೆ ಬೇಕು, ಆದರೆ ಅಷ್ಟು ಹೊತ್ತು ತೇಲೋಕೆ ಮೈಮೇಲೆ ಏನಾದರೂ ಇರಬೇಕು. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬವರು ಹೇಳಿಕೊಟ್ಟ ಲೆಕ್ಕ ಇದು. ಕುಡಿದವನಿಗೆ ಇದರಲ್ಲಿ ಅರ್ಧವೂ ಸಿಗಲಿಕ್ಕಿಲ್ಲ. ಈಜು ಬಲ್ಲವನಾದರೂ ಅಷ್ಟೇ. ನಮ್ಮ ಹುಡುಗ ಹೈಸ್ಕೂಲಲ್ಲಿ ಈಜಿನ ತಂಡದಲ್ಲಿದ್ದ, ಅಕ್ಕನಿಗೆ ಅದೇ ಧೈರ್ಯ. ಆ ಧೈರ್ಯ ಅಲ್ಲೇ ಹೋಯಿತು.

"ಆದರೂ ದಡದ ತನಕ ಯಾಕೆ ಬರಬೇಕು?" ಅಕ್ಕ ಬಿಡಲಿಲ್ಲ.

ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. "ಮಾಮ, ಅಮ್ಮನ ಮುಂದೆ ಹೇಳಕ್ಕಾಗಲ್ಲ. ನಾಲ್ಕು ಬಿಯರ್ ಕುಡಿದವನು ಎಲ್ಲಿ ಹೋಗ್ತಾನೆ? ಬಾರ್ ಮುಚ್ಚಿದೆ. ಮರ ಇದೆ, ಕತ್ತಲು ಇದೆ, ನೀರಿದೆ. ಅಂಚಲ್ಲಿ ನಿಂತ್ಕೋತಾನೆ." ನಾಲ್ಕು ಬಿಯರ್ ಲೆಕ್ಕ ಅವನಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಇಪ್ಪತ್ತು ವರ್ಷದವನು. ಹಾಗೆ ಕೇಳಿದ್ದರೆ ಮುಂದಿನ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಮುಂದಿನ ಮಾತನ್ನು ಅವನು ಅಕ್ಕನಿಗೇ ಹೇಳಿದ. ಅವಳು ಕೇಳಿದ್ದಳು: ಅಪಘಾತ ಅಂದ್ರೆ ಹುಡುಗಿಯರೂ ಬೀಳಬೇಕಿತ್ತಲ್ಲ, ಬರೀ ಹುಡುಗರೇ ಯಾಕೆ?

"ಹುಡುಗಿ ಜಾಸ್ತಿ ಕುಡಿದಿದ್ರೆ ಅವಳ ಫ್ರೆಂಡ್ಸ್ ಒಬ್ಬಳನ್ನೇ ಬಿಡಲ್ಲಮ್ಮ. ಇಬ್ಬರು ಹಿಡ್ಕೊಂಡು ಮನೆಗೆ ಬಿಟ್ಟು ಬರ್ತಾರೆ. ನಮ್ಮವನು ಎದ್ದು ಹೋದ್ರೆ, ಹೋಗ್ತಾನೆ ಬಿಡು ಅಂತೀವಿ. ಜಗಳ ಮಾಡಿದ್ರೆ ಬಾರ್‌ನವರೇ ಆಚೆ ಹಾಕ್ತಾರೆ. ಜಾಕೆಟ್ ಒಳಗೇ ಇರುತ್ತೆ, ನಾವೂ ಒಳಗೇ ಇರ್ತೀವಿ."

ಅಮೆರಿಕದಲ್ಲಿ ಮುಳುಗಿ ಸಾಯುವವರಲ್ಲಿ ನೂರಕ್ಕೆ ಸುಮಾರು 80 ಜನ ಗಂಡಸರೇ ಎಂಬ ಅಂಕಿಯನ್ನು ಭಾವ ಆಗಲೇ ಕಾರಿನಲ್ಲಿ ಹೇಳಿದ್ದರು. ಅದು ಯಾರ ಮನಸ್ಸಿಗೂ ತಾಗಿರಲಿಲ್ಲ. ಹುಡುಗನ ಮಾತಿಗೆ ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು.

ನನಗೆ ಕೊಲೆಯ ಕಥೆ ಯಾಕೆ ಜನರನ್ನು ಹಿಡಿಯುತ್ತದೆ ಎಂದು ಹೊಳೆದದ್ದು ಆಗ. ಕೊಲೆಗಾರನಿದ್ದರೆ ಉಳಿದವರೆಲ್ಲ ಪಾರು. ಜೊತೆಗೆ ಬಂದು ಬಿಟ್ಟು ಹೋದ ಸ್ನೇಹಿತರು, ಹತ್ತನೇ ಗ್ಲಾಸನ್ನೂ ತುಂಬಿಕೊಟ್ಟ ಬಾರ್, ದಡಕ್ಕೆ ದೀಪ ಹಾಕದ ಊರು, ಎಲ್ಲರೂ ಪಾರು. ಅಪಘಾತ ಎಂದರೂ ಪಾರಾಗುವುದು ಇವರೇ ಅನ್ನುವುದು ಬೇರೆ ಮಾತು. ಪೊಲೀಸರು ಆ ಪದ ಬರೆದ ಮರುದಿನದಿಂದ ಆ ಹುಡುಗನ ಕೊನೆಯ ಎರಡು ಗಂಟೆ ಯಾರಿಗೂ ಬೇಡ. ಹೆತ್ತವರಿಗೆ ಬೇಕಾಗಿರುವುದು ಆ ಎರಡು ಗಂಟೆ. ಅದನ್ನು ಕೊಡುವವರು ಪತ್ತೇದಾರರಾದರೆ ಅವರ ಹಿಂದೆ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ. ಬಹುತೇಕ ಸಾವುಗಳು ಅಪಘಾತವೇ ಎಂದು ನನಗೆ ಖಾತ್ರಿ, ಆದರೆ ಹಾಗೆನ್ನುವ ಮುಂಚೆ ಪ್ರತಿಯೊಂದನ್ನೂ ಕೊಲೆಯೆಂದೇ ಹಿಡಿದು ತನಿಖೆ ಮಾಡಬೇಕು ಎಂಬ ಅಕ್ಕನ ಹಟಕ್ಕೂ ನನ್ನ ಓಟಿದೆ.

ಅಷ್ಟರಲ್ಲಿ ಪಾರ್ಕಿನಲ್ಲಿ ಹೊಳೆಯುವ ಜಾಕೆಟ್ ಹಾಕಿದ ವಿದ್ಯಾರ್ಥಿಗಳ ಬಗ್ಗೆ ಹುಡುಗ ಹೇಳಿದ. 'ಆಪರೇಷನ್ ರಿವರ್ ವಾಚ್' ಅಂತ. 2006ರಲ್ಲಿ ಇನ್ನೊಬ್ಬ ಹುಡುಗ ಮುಳುಗಿದ ಮೇಲೆ ಊರಿನ ಕಾಲೇಜುಗಳ ವಿದ್ಯಾರ್ಥಿಗಳೇ ಶುರು ಮಾಡಿದ್ದು. ವಾರಾಂತ್ಯದ ರಾತ್ರಿಗಳಲ್ಲಿ ದಡದುದ್ದಕ್ಕೂ ನಡೆಯುತ್ತಾರೆ. ತೂರಾಡಿಕೊಂಡು ಬಂದವರನ್ನು ಮಾತಾಡಿಸಿ ಹಿಂದಕ್ಕೆ ತಿರುಗಿಸುತ್ತಾರೆ. ಅವರ ಕಣ್ಣಿಗೆ ಬಿದ್ದು ವಾಪಸ್ ಹೋದವರು ನೂರಾರು ಜನ ಎನ್ನುತ್ತಾನೆ ಹುಡುಗ. ಅಷ್ಟು ಜನ ತಾವಾಗೇ ನದಿಯ ಕಡೆ ಬರುತ್ತಾರೆ ಎಂದ ಮೇಲೆ 'ಯಾರೋ ಕರ್ಕೊಂಡು ಹೋಗಿರಬೇಕು' ಎಂಬುದಕ್ಕೆ ಉಳಿಯುವುದೇನು?

"ನೀನೂ ಸೇರ್ಕೋ," ಎಂದಳು ಅಕ್ಕ.

"ನಾನಾ? ರಾತ್ರಿ ಚಳೀಲಿ?"

"ಸ್ವೆಟರ್ ತಂದುಕೊಡ್ತೀನಿ."

ಬಿಡಿಸಿಕೊಂಡು ಬರುವ ಮಾತು ಅವಳು ಎತ್ತಲೇ ಇಲ್ಲ. ವಾಪಸ್ ಬರುವಾಗ ಭಾವ ಗೆದ್ದವರ ಹಾಗೆ ಹಾಡು ಹಾಕಿಕೊಂಡರು. ಅಕ್ಕ ಅದನ್ನು ಆಫ್ ಮಾಡಿ, ಅವನ ರೂಂಮೇಟ್‌ಗಳ ನಂಬರ್ ಎಲ್ಲ ಫೋನಿಗೆ ಹಾಕಿಕೊಂಡೆ ಎಂದಳು.

ಮರುವರ್ಷ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಇದೇ ಗಲಾಟೆ. ರೇನಿ ಸ್ಟ್ರೀಟ್ ಬಾರ್‌ಗಳ ಪಕ್ಕದ ಲೇಡಿ ಬರ್ಡ್ ಕೆರೆಯಲ್ಲಿ ಹೆಣಗಳು ಸಿಕ್ಕವು, ಕೊಲೆಗಾರ ಇದ್ದಾನೆ ಎಂದು ಜನ, ಇಲ್ಲ ಎಂದು ಪೊಲೀಸರು. ಊರಿನವರು ದಡಕ್ಕೆ ಬೇಲಿ, ದೀಪ ಹಾಕಿಸಿದರು. ಅಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿದಳಂತೆ. ಭಾವ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ನನಗೆ ಹೇಳಿದ್ದು: ಅಕ್ಕ ಕೊಲೆಯೋ ಅಪಘಾತವೋ ಎಂದು ಕೇಳಲೇ ಇಲ್ಲ. ಆ ಹುಡುಗರ ಜೊತೆ ಬಾರ್‌ಗೆ ಹೋದವರು ಯಾರು, ಅವರು ಎಷ್ಟು ಹೊತ್ತಿಗೆ ಎದ್ದು ಬಂದರು, ಅದನ್ನು ಮೊದಲು ವಿಚಾರಿಸೋಕೆ ಹೇಳು ಎಂದಳು.