ಒಂದೇ ಗುಂಡಿನ ಬೇಟೆ

ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಮುಗಿದ ಮರುದಿನ ಜಿಂಕೆ ಬೇಟೆಯ ಇನ್ನೊಂದು ಸೀಸನ್ ಶುರುವಾಗುತ್ತದೆ. ಇದಕ್ಕೆ ಹೊಸ ರೈಫಲ್ ನಡೆಯುವುದಿಲ್ಲ, ಚಕಮಕಿ ಕಲ್ಲಿನ ಹಳೇ ಕೋವಿಯೇ ಆಗಬೇಕು. 1974ರಿಂದ ಹೀಗೇ ಅಂತೆ.

ಪಕ್ಕದ ಮನೆಯ ಅಜ್ಜ ಮೊನ್ನೆ ಗ್ಯಾರೇಜಿನಲ್ಲಿ ತಮ್ಮ ಕೋವಿ ತೋರಿಸಿದರು. ಕರಿ ಮದ್ದು ಅಳೆದು ನಳಿಗೆಯ ಬಾಯಿಗೆ ಸುರಿಯಬೇಕು. ಜಿಡ್ಡು ಸವರಿದ ಬಟ್ಟೆ ಚೂರಿನಲ್ಲಿ ಸೀಸದ ಗುಂಡು ಇಟ್ಟು, ಉದ್ದ ಕೋಲಿನಿಂದ ತಳದವರೆಗೆ ದೂಡಬೇಕು. ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ನುಣ್ಣನೆಯ ಮದ್ದು. ಟ್ರಿಗರ್ ಎಳೆದರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ, ಬಟ್ಟಲಿನ ಮದ್ದು ಭಗ್ಗೆನ್ನುತ್ತದೆ, ಸಣ್ಣ ತೂತಿನಿಂದ ಬೆಂಕಿ ಒಳಗಿನ ಮದ್ದಿಗೆ ತಗಲುತ್ತದೆ. ಅಷ್ಟು ಹೊತ್ತು ಕೈ ಅಲ್ಲಾಡಬಾರದು! ಹಿಮ ಬಿದ್ದು ಮದ್ದು ಒದ್ದೆಯಾದರೆ ಕೋವಿ ಬರೀ ದೊಣ್ಣೆ. ಗುಂಡು ಹಾರಿದರೂ ಎದುರಿಗೆಲ್ಲ ಹೊಗೆ, ಜಿಂಕೆ ಬಿತ್ತೋ ಓಡಿತೋ ಕಾಣುವುದಿಲ್ಲ.

ನಾನು ಬೇಟೆಯವನಲ್ಲ. ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಹೊಡೆದರೆ ಜೈಲು. ಇಲ್ಲಿ ಜಿಂಕೆ ಜಾಸ್ತಿಯಾಗಿ ಕಾಡಿನ ಎಳೆ ಸಸಿಗಳನ್ನೇ ಮೇಯ್ದುಬಿಡುತ್ತವೆ ಅಂತ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ನನಗೆ ಎರಡೂ ಸರಿ ಅನ್ನಿಸುತ್ತದೆ, ಏನು ಮಾಡೋದು?

ಒಂದೇ ಗುಂಡು ಅಂದರೆ ಜಿಂಕೆಗೂ ಒಂದು ಅವಕಾಶ ಅಲ್ವಾ ಅಂದೆ. ಅಜ್ಜ ಒಪ್ಪಲಿಲ್ಲ. ಗಾಯವಾಗಿ ಓಡಿದರೆ ಅದು ಅವಕಾಶವಲ್ಲ, ಹಿಂಸೆ ಅಂದರು. ಅದಕ್ಕೇ ಐವತ್ತು ಗಜಕ್ಕಿಂತ ದೂರ ಇದ್ದರೆ ಅವರು ಕೋವಿ ಎತ್ತುವುದೇ ಇಲ್ಲವಂತೆ. ಹೆಚ್ಚಿನ ವರ್ಷ ಬರಿಗೈಯಲ್ಲೇ ವಾಪಸ್, ಮೇಲಿಂದ ನೆಗಡಿ ಬೇರೆ.