ಮೊಂಬಾಸಾದಿಂದ ಜಾಂಜಿಬಾರಿಗೆ: ಗಂಟೆ ಯಾವುದೆಂದು ಕೇಳಿಕೊಂಡೇ ಬಸ್ಸಿಗೆ ಹೊರಡಿ

ಟಿಕೆಟ್ಟಿನ ಮೇಲೆ ‘ಸಾ 2’ ಎಂದು ಪೆನ್ನಿನಲ್ಲಿ ಗೀಚಿದ್ದರು. ಕೆನ್ಯಾದ ಮೊಂಬಾಸಾದಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗುವ ಬಸ್ಸು; ಅಲ್ಲಿಂದ ಹಡಗಿನಲ್ಲಿ ಜಾಂಜಿಬಾರ್ ದ್ವೀಪಕ್ಕೆ ಹೋಗುವುದಿತ್ತು. ಊಟ ಮುಗಿಸಿ ಒಂದೂವರೆಗೆ ಬಸ್ ಕಚೇರಿಗೆ ಹೋದರೆ, ಬಾಗಿಲಲ್ಲಿದ್ದ ಹುಡುಗ ‘ನಿಮ್ಮ ಬಸ್ಸು ಬೆಳಿಗ್ಗೆಯೇ ಹೋಯಿತಲ್ಲ’ ಅಂದ.

ಈ ಕರಾವಳಿಯ ಭಾಷೆ ಸ್ವಾಹಿಲಿಯಲ್ಲಿ ‘ಸಾ’ ಎಂದರೆ ಗಂಟೆ; ಅವರ ಲೆಕ್ಕದಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ಊರುಗಳು; ವರ್ಷವಿಡೀ ಆರರ ಆಸುಪಾಸಿಗೇ ಬೆಳಗಾಗುವುದರಿಂದ ಲೆಕ್ಕ ಕೆಡುವುದಿಲ್ಲ. ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುವ ನಮಗೂ ಇದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಪಾಸ್‌ಪೋರ್ಟ್ ನೋಡಿ ಟಿಕೆಟ್ ಬರೆದವರು ಒಂದು ಮಾತು ಹೇಳಬಹುದಿತ್ತು. ದುಡ್ಡು ವಾಪಸ್ ಕೊಡಲಿಲ್ಲ, ಮರುದಿನಕ್ಕೆ ಬದಲಿಸಿಕೊಡಲೂ ಇಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಟಿಕೆಟ್ ಕೊಳ್ಳುವಾಗ ‘ಅಸುಬುಹಿ?’ ಎಂದು ಕೇಳಿ, ಅಂದರೆ ಬೆಳಿಗ್ಗೆಯೋ ಎಂದು. ಆಮೇಲೆ ಮೊಬೈಲಿನ ಗಡಿಯಾರ ತೋರಿಸಿ, ಯಾವ ಅಂಕಿ ಬಂದಾಗ ಬಸ್ಸು ಹೊರಡುತ್ತದೆಂದು ಬೆರಳಿಟ್ಟು ತೋರಿಸಲು ಹೇಳಿ.

ಮರುದಿನದ ಬಸ್ಸು ಇನ್ನೊಂದು ಕಂಪನಿಯದು. ‘ನೇರ ದಾರ್‌ಗೆ’ ಎಂದು 2,000 ಕೆನ್ಯಾ ಶಿಲ್ಲಿಂಗ್ ತೆಗೆದುಕೊಂಡರು. ಸೀಟುಗಳ ನಡುವಿನ ದಾರಿಯಲ್ಲಿ ಮೂಟೆಗಳು, ಮೂಟೆಗಳ ಮೇಲೆ ಜನ. ಜನಜಂಗುಳಿ ನನಗೆ ಬೇಸರವಲ್ಲ, ಯಲ್ಲಾಪುರದಿಂದ ಹುಬ್ಬಳ್ಳಿಗೆ ಹಬ್ಬದ ಹಿಂದಿನ ದಿನ ನಿಂತುಕೊಂಡು ಹೋದವನು ನಾನು. ಸರಿಬಾರದ್ದು ಸುಳ್ಳು. ಲಿಕೋನಿಯಲ್ಲಿ ಬಸ್ಸನ್ನೇ ದೋಣಿಗೆ ಹತ್ತಿಸಿ ಖಾರಿ ದಾಟಿಸಿದರು, ಲುಂಗಾ ಲುಂಗಾ ಗಡಿಯಲ್ಲಿ ಎರಡೂ ದೇಶದ ಸಾಲು ಮುಗಿಸಿದೆವು, ಟಾಂಗಾ ಊರು ಬಂದ ಕೂಡಲೇ ‘ಇಳಿಯಿರಿ, ಬೇರೆ ಬಸ್ಸು’ ಅಂದರು. ಆ ಬೇರೆ ಬಸ್ಸು ತುಂಬುವ ತನಕ ಮೂರು ತಾಸು ಬಿಸಿಲಲ್ಲಿ ಕಾದೆವು. ನನ್ನ ಪಕ್ಕದಲ್ಲಿದ್ದ ತಾಯಿ ಕಂಕುಳಲ್ಲಿ ಕೂಸಿಟ್ಟುಕೊಂಡು ಒಂದೂ ಮಾತಾಡದೆ ನಿಂತಿದ್ದಳು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ದಾರಿಯನ್ನೇ ಬಿಟ್ಟು ಮೊಂಬಾಸಾದಿಂದ ವಿಮಾನ ಹಿಡಿಯಿರಿ.

ಗಡಿಯಲ್ಲಿ ಮೊದಲು ಕೇಳಿದ್ದು ಹಳದಿ ಜ್ವರದ ಲಸಿಕೆಯ ಹಳದಿ ಪುಸ್ತಕ. ನಮ್ಮಲ್ಲಿ ಸರಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕುತ್ತಾರೆ. ಹಾಕಿಸಿ 10 ದಿನವಾದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಹೋದವರನ್ನು ತಿರುಗಿ ಭಾರತಕ್ಕೆ ಬಂದಾಗ 6 ದಿನ ಪ್ರತ್ಯೇಕವಾಗಿ ಇರಿಸಬಹುದು. ಪ್ಲಾಸ್ಟಿಕ್ ಕೈಚೀಲ ಕೆನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ನಿಷೇಧ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯನ್ನು ನಾನು ಬಟ್ಟೆಚೀಲಕ್ಕೆ ಸುರಿದುಕೊಂಡು ದಾಟಿದೆ. ಜಾಂಜಿಬಾರಿಗೆ ಇನ್ನೊಂದು ಖರ್ಚಿದೆ: 2024ರ ಅಕ್ಟೋಬರಿನಿಂದ ಆ ದ್ವೀಪಕ್ಕೆ ಹೋಗುವ ಪರದೇಶದವರು ಅಲ್ಲಿಯ ಸರಕಾರಿ ವಿಮೆಯನ್ನೇ ಕೊಳ್ಳಬೇಕು, 44 ಡಾಲರ್. ಊರಲ್ಲಿ ಮಾಡಿಸಿದ ಪ್ರವಾಸ ವಿಮೆ ಇದಕ್ಕೆ ನಡೆಯುವುದಿಲ್ಲ.

ನೈರೋಬಿಯಿಂದ ಮೊಂಬಾಸಾಗೆ ರೈಲಿನಲ್ಲಿ ಬಂದಿದ್ದೆ. ಚೀನಾದ ಸಾಲದಲ್ಲಿ ಕಟ್ಟಿ 2017ರಲ್ಲಿ ಶುರುವಾದ ಹೊಸ ಹಳಿ. ತ್ಸಾವೊ ಕಾಡಿನ ಕೆಂಪು ಧೂಳು ಮೆತ್ತಿಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗಿದ ಆನೆಗಳು ಕಿಟಕಿಯಿಂದಲೇ ಕಂಡವು. ಪಕ್ಕದಲ್ಲೇ ಇರುವ ಹಳೆಯ ಹಳಿಗೆ 1896ರಿಂದ ಮಣ್ಣು ಹೊತ್ತವರು ಭಾರತದಿಂದ ಕರೆದೊಯ್ದ ಸುಮಾರು 32,000 ಕೂಲಿಗಳು. ಅವರಲ್ಲಿ 2,500ರಷ್ಟು ಮಂದಿ ಅಲ್ಲೇ ಸತ್ತರು. ಈಗಿನ ಸಾಲ ತೀರಿಸುವವರು ಯಾರೆಂದು ಎದುರಿನ ಸೀಟಿನ ಕಾಲೇಜು ಹುಡುಗ ಕೇಳಿದ; 2024ರ ಜೂನಿನಲ್ಲಿ ಹೊಸ ತೆರಿಗೆಗಳ ವಿರುದ್ಧ ಬೀದಿಗಿಳಿದವರಲ್ಲಿ ಅವನೂ ಇದ್ದನಂತೆ.

ಜಾಂಜಿಬಾರಿನ ಹಳೆಯ ಪಟ್ಟಣ ಸ್ಟೋನ್ ಟೌನಿನಲ್ಲಿ ನನಗೆ ಸಿಕ್ಕ ಕೋಣೆಗೆ ಕಿಟಕಿಯೇ ಇರಲಿಲ್ಲ. ಹೇಳಿದ ಬೆಲೆ ಒಂದು, ಹೊರಡುವ ದಿನ ಕೊಟ್ಟ ಬಿಲ್ಲು ಇನ್ನೊಂದು: ತಲೆಗಿಷ್ಟು ತೆರಿಗೆ, ಜನರೇಟರಿಗಿಷ್ಟು, ಎಲ್ಲ ಡಾಲರಿನಲ್ಲಿ. ಒಟ್ಟು ಎಷ್ಟೆಂದು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.

ಇಷ್ಟೆಲ್ಲ ಆದರೂ ಮತ್ತೆ ಹೋಗುತ್ತೇನೆ ಎನ್ನುವುದು ದರಾಜನಿ ಮಾರುಕಟ್ಟೆಯ ಹಿಂದಿನ ಒಂದು ಬೆಂಚಿಗಾಗಿ. ಬೀದಿಬದಿ ಅಡುಗೆ ಮಾಡಿ ಬಡಿಸುವ ಹೆಂಗಸರಿಗೆ ತಾಂಜಾನಿಯಾದಲ್ಲಿ ‘ಮಾಮಾ ನ್ತಿಲಿಯೆ’ ಎನ್ನುತ್ತಾರೆ. ಅಲ್ಲಿದ್ದ ಅಜ್ಜಿ ಇದ್ದಿಲ ಒಲೆಯ ಮೇಲೆ ಗುಳಿಗಳಿದ್ದ ಕಬ್ಬಿಣದ ಕಾವಲಿ ಇಟ್ಟು, ಪ್ರತಿ ಗುಳಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಬಿಳಿ ಹಿಟ್ಟು ಹೊಯ್ದು, ಕಡ್ಡಿಯಿಂದ ಮಗುಚುತ್ತಿದ್ದಳು. ನಮ್ಮ ಗುಳಿಯಪ್ಪವೇ! ಹೆಸರು ಮಾತ್ರ ವಿಟುಂಬುವಾ. ನೆನೆಸಿದ ಅಕ್ಕಿ, ತೆಂಗಿನಹಾಲು, ಸಕ್ಕರೆ. ಘಮ ಯಾವುದೆಂದು ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಅಜ್ಜಿ ‘ಇಲಿಕಿ’ ಎಂದು ಡಬ್ಬಿ ತೆಗೆದು ತೋರಿಸಿದಳು. ಏಲಕ್ಕಿ.

ಎರಡನೇ ದಿನ ಲೋಟದಲ್ಲಿ ಕಂದುಬಣ್ಣದ ಬಿಸಿ ಗಂಜಿ ಕೊಟ್ಟಳು. ಬಾಯಿಗಿಟ್ಟರೆ ರಾಗಿ. ಅಲ್ಲಿ ಅದಕ್ಕೆ ಉಲೇಜಿ, ಕೆನ್ಯಾದಲ್ಲಿ ವಿಂಬಿ. ರಾಗಿ ಮೊದಲು ಬೆಳೆಗೆ ಬಂದದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಹೊಲಗಳಿಗೆ ಬಂತು. ಮುದ್ದೆ, ಅಂಬಲಿ ಎಂದು ನಮ್ಮದೆಂದುಕೊಂಡದ್ದರ ತವರುಮನೆಯ ಬೆಂಚಿನಲ್ಲಿ ಕೂತು ಎರಡು ಲೋಟ ಕುಡಿದೆ. ಮಧ್ಯಾಹ್ನಕ್ಕೆ ತೆಂಗಿನಹಾಲಿನ ಅನ್ನ, ತೆಂಗಿನಹಾಲಲ್ಲೇ ಬೆಂದ ಕೆಂಪು ಕಾಳಿನ ಮಹರಾಗೆ, ಹರಿವೆ ಸೊಪ್ಪಿನ ಪಲ್ಯ. ಬೆಳಗಿನ ತಿಂಡಿಗೆ ಚಹಾ ಸೇರಿ 3,000 ತಾಂಜಾನಿಯಾ ಶಿಲ್ಲಿಂಗ್, ನಮ್ಮ ನೂರು ರೂಪಾಯಿ. ಸಸ್ಯಾಹಾರಿಗಳು ‘ಬಿಲಾ ನ್ಯಾಮಾ, ಬಿಲಾ ಸಮಾಕಿ’ ಅನ್ನಿ: ಮಾಂಸ ಬೇಡ, ಮೀನು ಬೇಡ. ಹಿರಿಯರನ್ನು ಕಂಡ ಕೂಡಲೇ ‘ಶಿಕಮೋ’ ಎಂದರೆ ‘ಮರಹಬಾ’ ಎನ್ನುತ್ತಾರೆ, ಆಮೇಲೆ ಬಡಿಸುವ ಕೈಯೇ ಬೇರೆ. ನನ್ನನ್ನು ಅಜ್ಜಿ ‘ಕಾಕಾ’ ಎಂದು ಕರೆದಳು. ಅಲ್ಲಿ ಅದು ಅಣ್ಣತಮ್ಮಂದಿರಿಗೆ ಹೇಳುವ ಮಾತು.

ಆ ಮಾರುಕಟ್ಟೆಯಿಂದ ಐದು ನಿಮಿಷ ನಡೆದರೆ ಗುಲಾಮರ ಸಂತೆ ನಡೆಯುತ್ತಿದ್ದ ಜಾಗ. 1873ರಲ್ಲಿ ಬ್ರಿಟಿಷರ ಒತ್ತಾಯಕ್ಕೆ ಸುಲ್ತಾನ ಬರ್ಘಾಶ್ ಸಂತೆ ಮುಚ್ಚಿಸಿದ. ಅದೇ ನೆಲದ ಮೇಲೆ ಚರ್ಚು ಎದ್ದಿದೆ. ಹೊರಗೆ ತಗ್ಗಿನಲ್ಲಿ ಐದು ಮಂದಿಯ ಪ್ರತಿಮೆಗಳು, ಕುತ್ತಿಗೆಗೆ ನಿಜವಾದ ಕಬ್ಬಿಣದ ಸರಪಳಿ. ಮುಖ ತಗ್ಗಿಸಿ ನಿಂತ ಒಬ್ಬನನ್ನು ನೋಡುತ್ತ ನನಗೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಸಿದ್ದಿ ಗೆಳೆಯನ ನೆನಪಾಯಿತು. ಉತ್ತರ ಕನ್ನಡದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದದ್ದು ಹೆಚ್ಚಾಗಿ ಗೋವೆಯ ಪೋರ್ಚುಗೀಸರು, ಜಾಂಜಿಬಾರಿನ ಈ ಸಂತೆಗಿಂತ ಎಷ್ಟೋ ಹಿಂದಿನಿಂದ. ಮೊಂಬಾಸಾದಲ್ಲಿ 1593ರಲ್ಲಿ ಫೋರ್ಟ್ ಜೀಸಸ್ ಕೋಟೆ ಕಟ್ಟಲು ತೊಡಗಿದವರೂ ಅವರೇ. ನಮ್ಮ ಪಾಠಪುಸ್ತಕದಲ್ಲಿ ಆ ಗೆಳೆಯನ ಮನೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಲ್ಲಿ ಅರ್ಧ ದಿನ ಇಟ್ಟುಕೊಳ್ಳಿ, ಬೇರೇನನ್ನೂ ಸೇರಿಸಬೇಡಿ.

ಸಮುದ್ರದಂಡೆಯ ರೆಸಾರ್ಟುಗಳ ಬಗ್ಗೆ ನನ್ನನ್ನು ಕೇಳಬೇಡಿ, ಹೋಗಿಲ್ಲ. 1883ರ ಅರಮನೆ ಬೇತ್ ಅಲ್ ಅಜಾಯಿಬ್ 2020ರ ಡಿಸೆಂಬರಿನಲ್ಲಿ ಭಾಗಶಃ ಕುಸಿದುಬಿತ್ತು; ಹೊರಗಿನಿಂದ ನೋಡಿದೆ, ಸಂಕಟವಾಯಿತು.

ಹೋಗುವುದಾದರೆ ಜನವರಿ, ಫೆಬ್ರುವರಿ ಒಳ್ಳೆಯದು. ಮಾರ್ಚ್ ನಂತರ ದೊಡ್ಡ ಮಳೆ ಹಿಡಿಯುತ್ತದೆ. ದಾರ್‌ನಿಂದ ದ್ವೀಪಕ್ಕೆ ಹಡಗಿನಲ್ಲಿ ಎರಡು ತಾಸು ಚಿಲ್ಲರೆ. ಬಂದರಿನ ಬಾಗಿಲಲ್ಲಿ ಟಿಕೆಟ್ ಕೊಡಿಸುತ್ತೇವೆಂದು ಕೈ ಹಿಡಿಯುವವರು ಬಹಳ. ಜಾಂಜಿಬಾರಿನ ಜನ ಇಂಥವರಿಗೆ ‘ಪಪಾಸಿ’ ಎನ್ನುತ್ತಾರೆ, ಅಂದರೆ ಮೈಗಂಟಿ ರಕ್ತ ಹೀರುವ ಉಣ್ಣೆ ಹುಳು. ನಿಲ್ಲದೆ ಒಳಗೆ ನಡೆದು ಕೌಂಟರಿನಲ್ಲೇ ಟಿಕೆಟ್ ಕೊಳ್ಳಿ, ಗಂಟೆ ಯಾವುದೆಂದು ಅಲ್ಲೂ ಕೇಳಿ.