ಜಗಳಗಂಟ ಜೋಡಿಗೊಂದು ರಟ್ಟಿನ ಗ್ರೀನ್ ರೂಮ್

1953ರ 'ಕಿಸ್ ಮಿ ಕೇಟ್' ಚಿತ್ರವನ್ನು ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ತ್ರೀಡಿಯಲ್ಲೇ ತೆಗೆದಿತ್ತು. ಅದರ ಎರಡು ಕಡೆಯ ಮಜಾ ಮನೆಯಲ್ಲೇ ತ್ರೀಡಿ ಮಾಡಿ ನೋಡಬೇಕು ಅಂತ ಹೊರಟಿದ್ದೆ. ಒಂದು, ನಟಿ ಆನ್ ಮಿಲ್ಲರ್ ಕುಣಿಯುತ್ತಾ ಕ್ಯಾಮೆರಾ ಕಡೆಗೆ ಕೈಗವಸು ಎಸೆಯುವುದು. ಇನ್ನೊಂದು, ನಾಯಕ ನಾಯಕಿಯ ಅಕ್ಕಪಕ್ಕದ ಗ್ರೀನ್ ರೂಮ್. ಎಸೆತ ಮುಗಿಯಿತು, ರೂಮು ಅರ್ಧಕ್ಕೆ ಬಂದಿದೆ.

ಕತೆ ಇಷ್ಟು. ಫ್ರೆಡ್ (ಹೋವರ್ಡ್ ಕೀಲ್), ಲಿಲಿ (ಕ್ಯಾಥರಿನ್ ಗ್ರೇಸನ್) ಡೈವೋರ್ಸ್ ಆದ ನಟ ನಟಿ. ಶೇಕ್ಸ್‌ಪಿಯರ್‌ನ 'ಟೇಮಿಂಗ್ ಆಫ್ ದಿ ಶ್ರೂ' ಹಾಡುನಾಟಕವಾದಾಗ ಅದರಲ್ಲಿ ಮತ್ತೆ ಇವರೇ ಜೋಡಿ. ಫ್ರೆಡ್ ಇನ್ನೊಬ್ಬಳಿಗೆ ಕಳಿಸಿದ ಹೂವು ಲಿಲಿಗೆ ಸಿಗುತ್ತದೆ. ಜೊತೆಗಿದ್ದ ಚೀಟಿಯನ್ನು ಅವಳು ಓದುವುದು ಸ್ಟೇಜ್ ಮೇಲೆ, ನಾಟಕ ನಡೆಯುವಾಗಲೇ. ಅಲ್ಲಿಂದ ಮುಂದೆ ಬೀಳೋ ಏಟೆಲ್ಲ ನಿಜವಾದ ಏಟು! ನಮ್ಮ 'ನಂಜುಂಡಿ ಕಲ್ಯಾಣ'ದ ಬೇರೂ ಅದೇ ಶೇಕ್ಸ್‌ಪಿಯರ್ ನಾಟಕ. ಹೆಂಡತಿಯನ್ನು ಪಳಗಿಸುವ ಭಾಗ ನನಗೆ ಎರಡರಲ್ಲೂ ಇಷ್ಟವಿಲ್ಲ, ಅದು ಬೇರೆ ಮಾತು.

ತ್ರೀಡಿ ಅಂದರೆ ಒಂದೊಂದು ಕಣ್ಣಿಗೂ ಬೇರೆ ಬೇರೆ ಚಿತ್ರ, ಹಾಗಾಗಿ ಎಸೆತಕ್ಕೆ ಒಂದೇ ಮಾಡೆಲ್‌ನ ಎರಡು ಮೊಬೈಲ್ ಬೇಕಾಯಿತು. ಒಂದನ್ನು ತಲೆಕೆಳಗೆ ಮಾಡಿ ಮರದ ಪಟ್ಟಿಗೆ ಕಟ್ಟಿದೆ. ಹಾಗೆ ಮಾಡಿದರೆ ಎರಡು ಲೆನ್ಸ್‌ಗಳ ಅಂತರ ಸುಮಾರು 65 ಮಿಲಿಮೀಟರ್‌ಗೆ, ಅಂದರೆ ಮನುಷ್ಯನ ಎರಡು ಕಣ್ಣಿನ ಅಂತರಕ್ಕೆ ಬರುತ್ತದೆ. ರೆಕಾರ್ಡಿಂಗ್ ಶುರುವಾದ ಮೇಲೆ ಒಂದು ಚಪ್ಪಾಳೆ, ಎಡಿಟ್ ಮಾಡುವಾಗ ಎರಡನ್ನೂ ಹೊಂದಿಸೋಕೆ. ತಂಗಿ ಎಸೆದಳು. ಕೈಗವಸು ಫ್ರೇಮಿನ ನಡುವೆ ಬಂದಾಗ ಮೂಗಿಗೇ ತಾಗಿದ ಹಾಗಾಯಿತು. ಅಂಚಿಗೆ ಹೋಗಿ ಅರ್ಧ ಕತ್ತರಿಸಿದರೆ ಮಾತ್ರ ಮೋಡಿ ಢಮಾರ್. ಮುಂದೆ ಬಂದ ವಸ್ತುವನ್ನು ಹಿಂದಿರುವ ಅಂಚು ಹೇಗೆ ಮುಚ್ಚುತ್ತೆ ಅಂತ ಮಿದುಳು ತಕರಾರು ಮಾಡುತ್ತದೆ.

ಬಣ್ಣದ್ದು ಇನ್ನೊಂದು ರಗಳೆ. ಎರಡು ಚಿತ್ರವನ್ನು ಬಣ್ಣದಿಂದಲೇ ಬೇರೆ ಮಾಡಿ ಒಂದೊಂದು ಕಣ್ಣಿಗೆ ಕಳಿಸುವ ಕೆಂಪು-ನೀಲಿ ಕನ್ನಡಕದಲ್ಲಿ ಗುಲಾಬಿ ಕೈಗವಸು ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಕಪ್ಪಗೆ ಕಂಡು ಮಿಣಮಿಣ ಅನ್ನುತ್ತಿತ್ತು. ಬೂದು ಬಣ್ಣದ್ದು ಹಾಕಿದ ಮೇಲೆ ಶಾಂತವಾಯಿತು. 1953ರಲ್ಲಿ ಈ ತೊಂದರೆ ಇರಲಿಲ್ಲ. ಥಿಯೇಟರಿನಲ್ಲಿ ಎರಡು ಪ್ರೊಜೆಕ್ಟರ್ ಒಟ್ಟಿಗೆ ಓಡಿಸಿ, ಪೋಲರೈಸ್ಡ್ ಕನ್ನಡಕ (ಬಣ್ಣದ ಬದಲು ಬೆಳಕು ಕಂಪಿಸುವ ದಿಕ್ಕಿನಿಂದ ಎರಡು ಚಿತ್ರ ಬೇರೆ ಮಾಡುವಂಥದ್ದು) ಕೊಡುತ್ತಿದ್ದರು. ಬಣ್ಣ ಪೂರ್ತಿ ಉಳಿಯುತ್ತಿತ್ತು. ಆದರೆ ಬೆಳ್ಳಿ ಲೇಪದ ಪರದೆಯೇ ಬೇಕು, ಸಾದಾ ಬಿಳಿ ಪರದೆ ಆ ಬೆಳಕನ್ನು ಕಲಸಿಬಿಡುತ್ತದೆ.

ಈಗ ರೂಮು. ಶೂ ಡಬ್ಬದ ಮಧ್ಯೆ ಒಂದು ರಟ್ಟಿನ ಗೋಡೆ, ಎರಡೂ ಕಡೆ ಕನ್ನಡಿ, ಲಿಲಿ ಕಡೆ ಮಾತ್ರ ಹೂವು. ಇಲ್ಲಿ 65 ಮಿಲಿಮೀಟರ್ ಲೆಕ್ಕ ನಡೆಯೋದಿಲ್ಲ. ಹತ್ತಿರದ ವಸ್ತು ಎಷ್ಟು ದೂರ ಇದೆಯೋ ಅದರ 30ನೇ ಒಂದು ಭಾಗ ಅಂತರ ಇಡಬೇಕು ಅನ್ನೋದು ತ್ರೀಡಿ ಫೋಟೋ ತೆಗೆಯುವವರ ರೂಢಿ. ಡಬ್ಬ 30 ಸೆಂಟಿಮೀಟರ್ ದೂರದಲ್ಲಿದೆ, ಅಂದರೆ ಅಂತರ 1 ಸೆಂಟಿಮೀಟರ್. ಎರಡು ಮೊಬೈಲ್ ಅಷ್ಟು ಹತ್ತಿರ ಕೂರಲ್ಲ. ಅದಕ್ಕೇ ಒಂದೇ ಮೊಬೈಲನ್ನು ಸ್ಕೇಲ್ ಪಕ್ಕ ಜರುಗಿಸಿ ಎರಡು ಸ್ಟಿಲ್ ತೆಗೆದೆ. ಮೊದಲ ಜೋಡಿಯಲ್ಲೇ ಗೋಡೆಯ ಎರಡೂ ಬದಿಯ ಆಳ ಚೆನ್ನಾಗಿ ಬಂತು. ಕೈಗವಸು ಎಸೆತ ಒಂದು ಸಲ ಬೆಚ್ಚಿಬೀಳಿಸುತ್ತೆ ಅಷ್ಟೇ, ಈ ಸ್ಟಿಲ್ ಅನ್ನು ಸುಮ್ನೆ ನೋಡ್ತಾ ಕೂರಬಹುದು.

ಬಾಕಿ ಇರೋದು ಲೈಟು. ಕನ್ನಡಿಯಲ್ಲಿ ಎಲ್‌ಇಡಿ ಹೊಳಪು ಎಡ ಫೋಟೋದಲ್ಲಿ ಮಾತ್ರ ಬೀಳುತ್ತಿದೆ. ಬಟರ್ ಪೇಪರ್ ಅಡ್ಡ ಇಟ್ಟು ನೋಡಬೇಕು.